ನಮ್ಮ ಕಡೆ ಅದು ಇನ್ನೂ ‘ಹೈದರಾಬಾದ್ ಬ್ಯಾಂಕ್’

1955ರ ಜಾನ್ ಮಥಾಯ್ ಅವರಿಂದ ಈಗಿನ ಸಿ.ಎಸ್. ಶೆಟ್ಟಿ ಅವರ ತನಕ ಎಸ್‌ಬಿಐ ಅಧ್ಯಕ್ಷರ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿ ಆರ್.ಕೆ. ತಲ್ವಾರ್ ಅವರಿಗೆ ಒಂದೇ ಸಾಲಾ? ನಷ್ಟದಲ್ಲಿದ್ದ ಸಿಮೆಂಟ್ ಕಂಪನಿಯ ಮುಖ್ಯಸ್ಥ ಕುರ್ಚಿ ಬಿಟ್ಟರೆ ಮಾತ್ರ ನೆರವು ಅಂದರು. ಆತ ಸಂಜಯ್ ಗಾಂಧಿ ಕಡೆಯವನು. ತುರ್ತು ಪರಿಸ್ಥಿತಿ ಬೇರೆ. ಇವರು ಜಗ್ಗಲಿಲ್ಲ. ಸರಿಯಾದ ಕಾರಣ ಇಲ್ಲದೆ ಅವರನ್ನು ತೆಗೆಯಲು ಸರ್ಕಾರಕ್ಕೆ ಕಾನೂನಿನಲ್ಲಿ ದಾರಿ ಇರಲಿಲ್ಲ, ಕಾನೂನನ್ನೇ ತಿದ್ದಿ 1976ರಲ್ಲಿ ಮನೆಗೆ ಕಳಿಸಿದರು!

ನಮ್ಮ ಕಲಬುರಗಿಯವರಿಗೆ ನೆನಪಿರೋದು ಮಾತ್ರ ಅರುಂಧತಿ ಭಟ್ಟಾಚಾರ್ಯ. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅಂತಲ್ಲ, ಅವರ ಕಾಲದಲ್ಲೇ, 2017ರ ಏಪ್ರಿಲ್ 1ರಂದು, ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಸ್‌ಬಿಐನಲ್ಲಿ ಸೇರಿಹೋಯಿತು. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಬ್ಯಾಂಕು ಅದು. ಮೈಸೂರು ಬ್ಯಾಂಕಿಗೂ ಅದೇ ದಿನ ಅದೇ ಗತಿ, ಅದರ ಬಗ್ಗೆ ಬೆಂಗಳೂರಿನಲ್ಲಿ ಜಾಸ್ತಿ ಮಾತಾಯಿತು, ಅಲ್ವಾ?

ಅಪ್ಪನ ಹಳೇ ಪಾಸ್‌ಬುಕ್ ಮನೆಯಲ್ಲಿ ಇನ್ನೂ ಇದೆ. ಮೂಲೆ ಮಡಚಿದೆ, ತೊಗರಿ ಮಾರಿದ ದುಡ್ಡು ಜಮಾ ಆದ ಸಾಲುಗಳ ಶಾಯಿ ಮಾಸಿದೆ. ಹೊಸದು ಬಂತು, ಬಿಸಾಡೋಣ ಅಂದರೆ ಕೇಳಲ್ಲ. ಈಗಲೂ ಮನೆಯಿಂದ ಹೊರಡುವಾಗ ಹೇಳೋದು, “ಹೈದರಾಬಾದ್ ಬ್ಯಾಂಕಿಗೆ ಹೋಗಿ ಬರ್ತೀನಿ.”