ಒಗ್ಗರಣೆ ಜಾಕೆಟ್ಟು

ಅಮೆರಿಕದ ಮನೆಗಳಲ್ಲಿ ಅಡುಗೆಮನೆಗೂ ಬಟ್ಟೆಯ ಕಪಾಟಿಗೂ ನಡುವೆ ಎಷ್ಟು ಗೋಡೆಗಳಿದ್ದರೂ ಇಂಗಿನ ಒಗ್ಗರಣೆ ಅವುಗಳನ್ನು ಲೆಕ್ಕಕ್ಕಿಡುವುದಿಲ್ಲ. ಚಳಿಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲವಾದ್ದರಿಂದ ಸಾರಿನ ಘಮವೆಲ್ಲ ಮನೆಯೊಳಗೇ ಸುತ್ತಿ ಸುತ್ತಿ, ಕಡೆಗೆ ದಪ್ಪ ಜಾಕೆಟ್ಟುಗಳೊಳಗೆ ಕಾಯಂ ಬಿಡಾರ ಹೂಡುತ್ತದೆ. ಕೊಲರಾಡೋದ ಫೋರ್ಟ್ ಕಾಲಿನ್ಸ್‌ಗೆ ಬಂದು ಹನ್ನೊಂದು ವರ್ಷವಾಗಿರುವ ನನಗೆ ಆ ವಾಸನೆ ಗೊತ್ತಾಗುವುದು ನಿಂತೇ ಹತ್ತು ವರ್ಷವಾಗಿತ್ತು. ಅದು ಇನ್ನೂ ಇದೆಯೆಂದು ತಿಳಿಸಿಕೊಟ್ಟದ್ದು ಎಲ್ಕ್ ಎಂಬ ಪ್ರಾಣಿ.

ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ ಎಂದುಕೊಳ್ಳಬಹುದು. ಗಂಡಾದರೆ 300 ಕೆಜಿಗೂ ಮೀರಿ ತೂಗುತ್ತದೆ. ಪ್ರತಿವರ್ಷ ಕೊಂಬು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಅಲ್ಲಿಯ ಮೂಲನಿವಾಸಿಗಳು ಅದಕ್ಕೆ ಇಟ್ಟ ‘ವಾಪಿಟಿ’ ಎಂಬ ಹೆಸರಿಗೆ ಬಿಳಿ ಪೃಷ್ಠದ್ದು ಎಂದರ್ಥ. ಎರಡು ದಿನ ನಮಗೆ ಕಂಡದ್ದು ಮುಖ್ಯವಾಗಿ ಅದೇ ಭಾಗವಾದ್ದರಿಂದ, ಹೆಸರಿಟ್ಟವರು ಅನುಭವಸ್ಥರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬೇಟೆಗೆ ಹೊರಟವರು ನಾಲ್ವರು. ಈ ಬೆಟ್ಟಗಳಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿ ತಂಡದ ಯಜಮಾನ. ಎರಡನೆಯವರು ಅವನ ಭಾವ, ನಿವೃತ್ತ ಶಾಲಾ ಮೇಷ್ಟ್ರು. ಮೂರನೆಯವನು ಹಾಸನದ ನನ್ನ ಗೆಳೆಯ. ಇವರು ಮೂವರ ಬಳಿಯೂ ಪರವಾನಗಿ ಮತ್ತು ಕೋವಿ ಇದ್ದವು. ನನ್ನ ಬಳಿ ಇದ್ದದ್ದು ಹಿಮದಲ್ಲೂ ಓಡುವ ಫೋರ್ ವೀಲ್ ಡ್ರೈವ್ ಗಾಡಿ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ತೀರ್ಥಹಳ್ಳಿಯ ಕಡೆ ಹುಟ್ಟಿದ, ಮೇಲಾಗಿ ಮಾಂಸವನ್ನೇ ಮುಟ್ಟದ ನನಗೆ ಶಿಕಾರಿಯೆಂದರೆ ಅಜ್ಜ ಹೇಳುತ್ತಿದ್ದ ಕಥೆಯಷ್ಟೇ ಆಗಿತ್ತು. ಆದರೂ ಗಾಡಿಯ ಜೊತೆಗೆ ಗಾಡಿಯವನೂ ಬರಬೇಕಲ್ಲವೇ ಎಂಬ ನ್ಯಾಯದ ಮೇಲೆ ನಾನೂ ಹೊರಟೆ.

ಹೊರಡುವ ವಾರದಲ್ಲಿ ಆ ಮೂವರೂ ಬಟ್ಟೆಗಳನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಗಾಳಿಯಾಡದ ಚೀಲಗಳಲ್ಲಿ ಕಟ್ಟಿಟ್ಟಿದ್ದರು. ಆ ಮಡಿ ನಮ್ಮ ಅಜ್ಜಿಯೂ ಒಪ್ಪುವಂಥದ್ದು. ನನಗೂ ಹಾಗೆ ಮಾಡಲು ಹೇಳಿದ್ದರಂತೆ, ನನಗೆ ನೆನಪಿಲ್ಲ. ನಾನು ಕಪಾಟಿನಿಂದ ಜಾಕೆಟ್ಟು ತೆಗೆದು ತೊಟ್ಟುಕೊಂಡು ಬಂದುಬಿಟ್ಟೆ.

ಕೋವಿ ಹಿಡಿದು ಎಲ್ಕ್ ಬೇಟೆಯಾಡುವವರು ಸೊಂಟದ ಮೇಲೆ ಕನಿಷ್ಠ 500 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ಧರಿಸಿರಬೇಕು, ಟೋಪಿಯೂ ಅದೇ ಬಣ್ಣದ್ದಾಗಿರಬೇಕು ಎಂದು ಕೊಲರಾಡೋದ ಕಾನೂನು ಹೇಳುತ್ತದೆ. ಜಿಂಕೆಯ ಜಾತಿಯ ಕಣ್ಣಿಗೆ ಕಿತ್ತಳೆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನ ಕಣ್ಣಿಗೆ ಮೈಲಿ ದೂರದಿಂದಲೂ ಕಾಣುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಕೋವಿಯಿಲ್ಲದಿದ್ದರೂ ಜೀವದ ಆಸೆಯಿದ್ದ ನಾನು ಜಾಕೆಟ್ಟಿನ ಮೇಲೆ ಅಂಥದೊಂದು ಅಂಗಿ ತೊಟ್ಟು, ಗುರುವಿಲ್ಲದ ಶಿಷ್ಯನಂತೆ ಕಾಣುತ್ತಿದ್ದೆ.

10,276 ಅಡಿ ಎತ್ತರದ ಕ್ಯಾಮರನ್ ಪಾಸ್ ದಾಟಿ, ವಾಲ್ಡನ್ ಊರಿನ ಕಡೆಯ ಕಾಡಿನಲ್ಲಿ ಡೇರೆ ಹಾಕಿದೆವು. ಆ ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಇದನ್ನು ಬಲ್ಲ ನಾನು ಕುಕ್ಕರನ್ನೇ ಹೊತ್ತು ತಂದಿದ್ದೆ. ಆದರೆ ಮೊದಲ ಸೀಟಿಗೆ ಯಜಮಾನನ ಮುಖ ಹೇಗಾಯಿತೆಂದರೆ, ಎರಡನೆಯ ಸೀಟಿಯನ್ನು ನಾನೇ ಟವೆಲ್ ಹಾಕಿ ಅದುಮಿದೆ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಲು ಅವಕಾಶವಿರುವುದರಿಂದ ಮೂರೂವರೆಗೇ ಏಳಬೇಕಾಗಿತ್ತು. ಮೊದಲ ದಿನ, ಮೊಣಕಾಲುದ್ದದ ಹಿಮದಲ್ಲಿ ಎರಡು ಗಂಟೆ ಏದುಸಿರು ಬಿಡುತ್ತ ಹತ್ತಿದ ಮೇಲೆ, ಎಲ್ಲರಿಗಿಂತ ಮೊದಲು ಪ್ರಾಣಿಯನ್ನು ಕಂಡವನು ನಾನೇ. ಮರಗಳ ಸಂದಿನಲ್ಲಿ ಕಪ್ಪನೆಯ, ಲಾರಿಯ ಗಾತ್ರದ ದೇಹವೊಂದು ನಿಂತಿತ್ತು. ನಾನು ಉಸಿರು ಬಿಗಿಹಿಡಿದು ಹಾಸನದವನ ತೋಳು ಚಿವುಟಿದೆ. ಅವನು ದುರ್ಬೀನಿನಲ್ಲಿ ನೋಡಿ, “ಅದು ಮೂಸ್ ಕಣಯ್ಯ. ಗಂಟಲ ಕೆಳಗೆ ಜೋತಾಡೋ ಚೀಲ ಕಾಣಲ್ವಾ?” ಎಂದು ಪಿಸುಗುಟ್ಟಿದ. ಯುರೋಪಿನಲ್ಲಿ ಎಲ್ಕ್ ಎಂದು ಕರೆಯುವುದು ಇದೇ ಪ್ರಾಣಿಯನ್ನಾದ್ದರಿಂದ ನನ್ನದು ಕೇವಲ ಖಂಡಾಂತರದ ತಪ್ಪು ಎಂದು ವಾದಿಸಬಹುದಾಗಿತ್ತು. ಆಗ ವಾದಕ್ಕೆ ವಾತಾವರಣವಿರಲಿಲ್ಲ. ಈ ಕಣಿವೆಗೆ ಮೂಸ್‌ಗಳನ್ನು 1978ರಲ್ಲಿ ಹೊರಗಿನಿಂದ ತಂದು ಬಿಟ್ಟಿದ್ದು. ಮನುಷ್ಯರನ್ನು ಕಂಡು ಓಡಬೇಕೆಂಬ ಸಂಪ್ರದಾಯ ಅವುಗಳಲ್ಲಿ ಇಲ್ಲ, ಸಿಟ್ಟು ಬಂದರೆ ತಾವೇ ಅಟ್ಟಿಸಿಕೊಂಡು ಬರುತ್ತವೆ. ಅದು ನಮ್ಮನ್ನೇ ದಿಟ್ಟಿಸುತ್ತ ದಾರಿಯಲ್ಲಿ ಒಂದು ಗಂಟೆ ನಿಂತಿತು. ಕೋವಿ ಹಿಡಿದ ಮೂವರು ಮತ್ತು ಬರಿಗೈಯ ಒಬ್ಬ, ನಾಲ್ವರೂ ಮರದ ಹಿಂದೆ ನಿಂತು ಅದರ ಅಪ್ಪಣೆಗಾಗಿ ಕಾದೆವು.

ಎರಡನೆಯ ದಿನ ಯಜಮಾನ ಜೇಬಿನಿಂದ ಪುಟ್ಟ ಬಾಟಲಿ ತೆಗೆದು ಒತ್ತಿದ. ಬಿಳಿಯ ಪುಡಿ ಹಾರಿತು. ಬೆಟ್ಟದ ದೇವರಿಗೆ ವಿಭೂತಿ ಹಾಕುತ್ತಿದ್ದಾನೆಂದು ಒಂದು ಕ್ಷಣ ಭಾವಿಸಿದೆ. ಅದು ಗಾಳಿಯ ದಿಕ್ಕು ತಿಳಿಯುವ ಉಪಾಯವಂತೆ. ಎಲ್ಕ್‌ಗಳು ಕಣ್ಣು ಕಿವಿಗಳಿಗಿಂತ ಮೂಗನ್ನೇ ಹೆಚ್ಚು ನಂಬುತ್ತವೆ. ಬೆಳಗಿನ ಜಾವದ ತಣ್ಣನೆಯ ಗಾಳಿ ಇಳಿಜಾರಿನ ಗುಂಟ ಕೆಳಕ್ಕೆ ಜಾರುತ್ತದೆ; ಬಿಸಿಲು ಬಿದ್ದು ನೆಲ ಕಾದ ಮೇಲೆ ಅದೇ ಗಾಳಿ ಮೇಲಕ್ಕೇರಲು ಶುರುಮಾಡುತ್ತದೆ. ಹಾಗಾಗಿ ನಾವು ಬೆಳಿಗ್ಗೆ ಹಿಂಡಿನ ಕೆಳಗಡೆ ಅಡಗಿ ಕೂತದ್ದು ಸರಿಯಾಗಿಯೇ ಇತ್ತು. ಒಂಬತ್ತು ಗಂಟೆಯ ಹೊತ್ತಿಗೆ ಮೇಲಿನ ಬಯಲಿನಲ್ಲಿ ಸುಮಾರು ಇಪ್ಪತ್ತು ಎಲ್ಕ್‌ಗಳು ಮೇಯುತ್ತಿದ್ದವು. ಮೇಷ್ಟ್ರು ಬೆರಳಿನಲ್ಲೇ ಎಣಿಸುತ್ತಿದ್ದರು. ಆಗ ನನಗೆ ಹಸಿವಾಯಿತು.

ಪುಳಿಯೋಗರೆಯ ಡಬ್ಬಿ ತೆರೆದೆ. ಅನ್ನ ಹೆಪ್ಪುಗಟ್ಟಿ ಇಟ್ಟಿಗೆಯಾಗಿದ್ದರಿಂದ, ಅದನ್ನು ಕರಗಿಸಲೆಂದು ಜಾಕೆಟ್ಟಿನ ಜಿಪ್ ಇಳಿಸಿ ಎದೆಗೆ ಅವುಚಿಕೊಂಡೆ. ಹನ್ನೊಂದು ಚಳಿಗಾಲಗಳ ಒಗ್ಗರಣೆಯೂ ಅಂದಿನ ಇಂಗೂ ಕೂಡಿ ಹೊರಬಂದ ಆ ಗಳಿಗೆಯಲ್ಲೇ ಬಿಸಿಲು ನಮ್ಮ ಇಳಿಜಾರನ್ನು ಮುಟ್ಟಿತು. ಯಜಮಾನ ಮೂಗೆಳೆದುಕೊಂಡು ನಿಧಾನವಾಗಿ ನನ್ನ ಕಡೆ ತಿರುಗಿದ. ಅವನ ತಲೆಯ ಮೇಲಿನಿಂದ ನನಗೆ ಇಪ್ಪತ್ತು ತಲೆಗಳು ಒಟ್ಟಿಗೆ ಎದ್ದದ್ದೂ, ಬಳಿಕ ಇಪ್ಪತ್ತು ಬಿಳಿ ಪೃಷ್ಠಗಳು ಗುಡ್ಡದಾಚೆ ಇಳಿದದ್ದೂ ಕಂಡವು. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಾಸನದವನು ಮಾತ್ರ, “ಸ್ವಲ್ಪ ಈ ಕಡೆ ಕೊಡು, ಹೆಂಗೂ ಓಡ್ಹೋದ್ವು” ಎಂದು ಡಬ್ಬಿಗೆ ಕೈಹಾಕಿದ.

ಮೂರನೆಯ ದಿನ ಡೇರೆ ಕಾಯುವ ಹೊಣೆಯನ್ನು ಬಹಳ ಸೌಜನ್ಯದಿಂದ ನನಗೆ ವಹಿಸಲಾಯಿತು. ಅಂದು ಬೆಳಿಗ್ಗೆ ಎಂಟಕ್ಕೆಲ್ಲ ಹಾಸನದವನು ಹೆಣ್ಣು ಎಲ್ಕ್ ಒಂದನ್ನು ಹೊಡೆದ. ಇದು ಕಾಕತಾಳೀಯವೆಂದು ನಾನು ಇಂದಿಗೂ ಹೇಳುತ್ತೇನೆ, ಕೇಳುವವರಿಲ್ಲ.

ಗಾಳಿಯ ಭಯ ಮುಗಿದದ್ದರಿಂದ ನನಗೆ ಮತ್ತೆ ಬೆಲೆ ಬಂತು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಲ್ಲಿ ಅಪರಾಧ. ಗಾಡಿ ನಿಂತದ್ದು ಮೂರು ಕಿಲೋಮೀಟರ್ ಕೆಳಗೆ. ಒಂದು ಹಿಂಗಾಲು ನನ್ನ ಬೆನ್ನೇರಿತು. ಮೊಟ್ಟೆಯಿದೆಯೆಂದು ಕೇಕನ್ನೂ ದೂರವಿಡುವ ನಾನು ಅದನ್ನು ಹೊತ್ತು, ಎರಡು ಸಲ ಜಾರಿ ಬಿದ್ದು, ಬಿದ್ದಾಗಲೆಲ್ಲ ಅದನ್ನು ಮಗುವಿನಂತೆ ಕಾಪಾಡಿ, ಗಾಡಿಗೆ ತಲುಪಿಸಿದೆ. ಈ ಭಾಗದ ವಿವರಗಳನ್ನು ತೀರ್ಥಹಳ್ಳಿಗೆ ಫೋನಿನಲ್ಲಿ ಹೇಳಿಲ್ಲ.

ಪಾಲು ಹಂಚುವಾಗ ನನಗೇನು ಕೊಡುವುದೆಂಬ ಪ್ರಶ್ನೆ ಬಂತು. ಎಲ್ಕ್‌ನ ಮೇಲ್ದವಡೆಯಲ್ಲಿ ದಂತದಂಥ ಎರಡು ಕೋರೆಹಲ್ಲುಗಳಿರುತ್ತವೆ, ಹೆಬ್ಬೆರಳಿನ ತುದಿಯಷ್ಟು. ಬೇಟೆಗಾರರು ಅವುಗಳನ್ನು ನೆನಪಿಗಾಗಿ ಜೋಪಾನ ಮಾಡುತ್ತಾರೆ. ಹಾಸನದವನು ಅವೆರಡನ್ನೂ ತೊಳೆದು ನನ್ನ ಕೈಗಿಟ್ಟ.

ನಾನು ಅವನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡು ಮರೆತುಬಿಟ್ಟೆ. ಕಳೆದ ವಾರ ಮನೆಗೆ ಬಂದಿದ್ದ ಯಜಮಾನನಿಗೆ ತೋರಿಸಲೆಂದು ತೆಗೆದೆ. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಬಳಿಕ ಮೂಗಿಗೆ ಹಿಡಿದ, ಮಾತಿಲ್ಲದೆ ನನಗೇ ಹಿಂದಿರುಗಿಸಿದ.