ಸುಡುವ ಚುಕ್ಕೆ

ಜಾತ್ರೆಯ ಭೂತಗನ್ನಡಿ ಹಿಡಿದ ಮಕ್ಕಳಿಗೆ ಒಂದೇ ಕೆಲಸ: ಬಿಸಿಲಿಗೆ ಒಡ್ಡಿ, ಹಿಂದೆ ಮುಂದೆ ಆಡಿಸಿ, ಪೇಪರಿಗೆ ಹೊಗೆ ಹಚ್ಚುವುದು. ಪಿಯುಸಿಯಲ್ಲಿ ಅದೇ ಗಾಜು ಪೀನ ಮಸೂರವಾಗಿ ಎದುರಾಗುತ್ತದೆ, ಪ್ಲಸ್ಸು ಮೈನಸ್ಸಿನ ಕಾಟವನ್ನೂ ಜೊತೆಗೆ ತರುತ್ತದೆ. ಮಾರ್ಕ್ಸು ಬರುತ್ತದೆ, ಮೋಹ ಹೋಗುತ್ತದೆ.

ಡಿಗ್ರಿ ಓದುವಾಗ, ರಜೆಗೆ ಊರಿಗೆ ಬಂದು ಹಳೆಯ ಚಾರ್ಜರ್ ಹುಡುಕುತ್ತ ಡ್ರಾಯರ್ ಕೆದಕಿದರೆ ಆ ಭೂತಗನ್ನಡಿ ಸಿಗುವುದುಂಟು. ಸಿಕ್ಕರೆ ಸುಡುವ ಮೊದಲು ಅಳೆಯಿರಿ. ಕಿಟಕಿಗೆ ಎದುರಾದ ಗೋಡೆಯ ಹತ್ತಿರ ಹಿಡಿದು, ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಚೊಕ್ಕವಾಗಿ ಮೂಡುವ ತನಕ ಸರಿಸಿ. ಗಾಜಿಗೂ ಗೋಡೆಗೂ ನಡುವೆ 10 ಸೆಂ.ಮೀ. ಬಂತೆನ್ನಿ, ಅದೇ ಸಂಗಮದೂರ. ಅದನ್ನು 107ರಿಂದ ಭಾಗಿಸಿದರೆ 0.9 ಮಿ.ಮೀ. ಚುಕ್ಕೆ ಅದಕ್ಕಿಂತ ಸಣ್ಣದಾಗದು, ಎಷ್ಟು ಆಡಿಸಿದರೂ. ಏಕೆಂದರೆ ಅದು ಬರೀ ಬೆಳಕಿನ ಬೊಟ್ಟಲ್ಲ, ಸೂರ್ಯನ ಚಿತ್ರ. ಸೂರ್ಯ ನಮ್ಮಿಂದ ತನ್ನ ಅಗಲದ ಸುಮಾರು 107 ಪಟ್ಟು ದೂರದಲ್ಲಿದ್ದಾನೆ. ಸುಡುವ ಅವಸರದಲ್ಲಿ ಆಗ ಆ ಮುಖವನ್ನು ನೋಡಿದವರಾರು?

ಗಾಜು 5 ಸೆಂ.ಮೀ. ಅಗಲವಿದ್ದರೆ ಬಿಸಿಲು ಅಲ್ಲಿ ಹತ್ತಿರಹತ್ತಿರ 3000 ಪಟ್ಟು ಒತ್ತೊತ್ತಾಗುತ್ತದೆ. ಆದರೂ ಹೊತ್ತಿಕೊಳ್ಳದಿದ್ದರೆ ಕಾಗದದ ಬಣ್ಣ ಬಿಳಿ ಇರಬೇಕು, ಬಿದ್ದ ಬೆಳಕಿನ ಬಹುಪಾಲನ್ನು ಅದು ಹಿಂದಕ್ಕೆ ಎರಚುತ್ತದೆ. ಪೇಪರಿನಲ್ಲಿ ಕಪ್ಪು ಮಸಿಯ ಜಾಗವೇ ಮೊದಲು ಹೊಗೆಯಾಡುವುದು. ಇಲ್ಲವೇ ಗಾಜು ಓರೆಯಾಗಿರುತ್ತದೆ. ಆಗ ಚುಕ್ಕೆಗೆ ಧೂಮಕೇತುವಿನಂತೆ ಬಾಲ ಬರುತ್ತದೆ. ಗಾಜಿನ ಮೂಲಕ ಸೂರ್ಯನತ್ತ ಕಣ್ಣಿಡುವುದು ಮಾತ್ರ ಬೇಡವೇ ಬೇಡ, ಅಕ್ಷಿಪಟಲವೂ ಕಾಗದದಂತೆಯೇ ಸುಡುತ್ತದೆ.

ಚಿತ್ರ ದೊಡ್ಡದಾಗಬೇಕೆಂದರೆ ಸಂಗಮದೂರ ಉದ್ದವಾಗಬೇಕು. ಕನ್ನಡಕದ ಅಂಗಡಿಯಲ್ಲಿ ಕತ್ತರಿಸದ ‘ಪ್ಲಸ್ 1’ ಗಾಜು ಕೇಳಿ, ಅದರ ಸಂಗಮದೂರ ಒಂದು ಮೀಟರ್. ಮೈನಸ್ ಗಾಜಾದರೆ ಕಾಗದದ ಮೇಲೆ ಏನೂ ಮೂಡದು. ರಟ್ಟಿನಲ್ಲಿ 2 ಸೆಂ.ಮೀ. ತೂತು ಕೊರೆದು ಗಾಜಿನ ಮುಂದೆ ಅಂಟಿಸಿ: ಅಂಚಿನ ಬಣ್ಣದ ಗೆರೆ ಕಡಿಮೆಯಾಗುತ್ತದೆ, ಕಾಗದವೂ ಸುಡದು. ಕೈಯಲ್ಲಿ ಹಿಡಿದರೆ ನಡುಗುತ್ತದೆ. ಕುರ್ಚಿಯ ಬೆನ್ನಿಗೆ ಕಟ್ಟಿ, ಒಂದು ಮೀಟರ್ ಹಿಂದೆ ಕಾಗದವನ್ನು ನೆರಳಿನಲ್ಲಿಡಿ. ಒಂಬತ್ತು ಮಿಲಿಮೀಟರಿನ ದುಂಡು ಸೂರ್ಯ, ಹೆಚ್ಚೂಕಮ್ಮಿ ಶರ್ಟಿನ ಗುಂಡಿಯಷ್ಟು. ಗ್ರಹಣದ ದಿನ ಕಚ್ಚಿದ ಗುರುತೂ ಕಾಣುತ್ತದೆ.

ಗ್ರಹಣಕ್ಕೇ ಕಾಯಬೇಕಿಲ್ಲ. ಪೆನ್ಸಿಲಿನಲ್ಲಿ ಆ ಸೂರ್ಯನ ಸುತ್ತ ಗೆರೆ ಎಳೆಯಿರಿ. ನಿಮಿಷಕ್ಕೆ ನಾಲ್ಕು ಮಿಲಿಮೀಟರಿನಂತೆ ಅದು ಸರಿಯುತ್ತಲೇ ಇರುತ್ತದೆ. ಗಾಜು ಅಲುಗಿತೆಂದು ಕುರ್ಚಿಯನ್ನು ಎಷ್ಟು ಬಿಗಿದರೂ ಅಷ್ಟೇ. ಎರಡು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಸೂರ್ಯ ಗೆರೆಯ ಆಚೆ, ಗೆರೆಯೊಳಗೆ ಬರೀ ಬಿಳಿ ಕಾಗದ. ಅಲುಗಿದ್ದು ಕುರ್ಚಿಯಲ್ಲ, ಕುರ್ಚಿಯ ಕೆಳಗಿನ ಭೂಮಿ.