ತೂತಿಲ್ಲದ ಎಲೆ

ನಮ್ಮ ಪಾರ್ಕಿನಲ್ಲಿ ಸ್ಥಳೀಯ ಸಸ್ಯಗಳ ತೋಟ ಮಾಡಬೇಕೆಂದು ಸಮಿತಿ ತೀರ್ಮಾನಿಸಿತು. ಮರುದಿನವೇ ಜೆಸಿಬಿ ಬಂತು. ಅಲ್ಲಿದ್ದ ಸ್ಥಳೀಯ ಸಸ್ಯಗಳನ್ನೆಲ್ಲ ಕಿತ್ತುಹಾಕಿತು.

ಬೇಲಿ ಬದಿಯ ಎಕ್ಕ, ದಾರಿ ಪಕ್ಕದ ತುಂಬೆ, ಮೂಲೆಯಲ್ಲಿ ಬಂದುಹೋಗುವವರ ಬಟ್ಟೆಗೆಲ್ಲ ಅಂಟುತ್ತಿದ್ದ ಉತ್ತರಾಣಿ, ಎಲ್ಲವೂ ಹನ್ನೊಂದು ಗಂಟೆಯೊಳಗೆ ಸಾಫ್. ಯಾಕೆ ಅಂತ ಅಧ್ಯಕ್ಷರನ್ನು ಕೇಳಿದೆ. "ಇವೆಲ್ಲ ತಾವಾಗೇ ಹುಟ್ಟಿದ್ದು ಸಾರ್. ನಾವು ಹಾಕೋದು ಸ್ಥಳೀಯ ಗಿಡ" ಅಂದರು.

ಒಂದು ಗಿಡವನ್ನು ಮಾತ್ರ ಮುಟ್ಟಿರಲಿಲ್ಲ. ಲಂಟಾನ. ಅಮೆರಿಕದ ಉಷ್ಣವಲಯದಿಂದ ಚೆಂದದ ಹೂವಿನ ಗಿಡ ಅಂತ ಬಂದು, ಆಮೇಲೆ ಕಾಡಿಗೆ ಕಾಡನ್ನೇ ನುಂಗಿದ ಮಹಾಶಯ. "ಅದಕ್ಕೆ ಚಿಟ್ಟೆ ಬರುತ್ತಲ್ಲ, ಇರಲಿ" ಅಂದರು. ಚಿಟ್ಟೆ ಬರುವುದೇನೋ ನಿಜ. ಮಕರಂದ ಎಲ್ಲಿ ಸಿಕ್ಕರೂ ಚಿಟ್ಟೆ ಕುಡಿಯುತ್ತದೆ. ಮೊಟ್ಟೆ ಇಡುವ ವಿಷಯ ಬಂದಾಗ ಮಾತ್ರ ತನ್ನ ಜಾತಿಯ ಹುಳು ತಿನ್ನುವ ಗಿಡವನ್ನೇ ಹುಡುಕಿಕೊಂಡು ಹೋಗುತ್ತದೆ. ಹೋಟೆಲ್ ಬೇರೆ, ಹೆರಿಗೆಮನೆ ಬೇರೆ. ಸಮಿತಿ ಹೋಟೆಲ್ ಉಳಿಸಿಕೊಂಡು ಹೆರಿಗೆಮನೆ ಕೆಡವಿತು.

ಎಕ್ಕದ ವಿಷಯದಲ್ಲಿ ಅವರನ್ನು ಪೂರ್ತಿ ದೂರುವುದೂ ಕಷ್ಟ. ಒಂದು ಜಾಗ ಹಾಳಾಯ್ತು ಅನ್ನೋದಕ್ಕೆ ನಾವು 'ಎಕ್ಕ ಹುಟ್ಟಿಹೋಯ್ತು' ಅನ್ನುತ್ತೇವೆ. ಬೈಗುಳದಲ್ಲೇ ಗಿಡದ ಮೇಲೆ ಕೇಸ್ ಹಾಕಿ, ತೀರ್ಪನ್ನೂ ಕೊಟ್ಟಾಗಿದೆ. ಸಮಿತಿ ಸುಮ್ನೆ ಜಾರಿ ಮಾಡಿತು ಅಷ್ಟೇ.

ಜಾಗ ಬೋಳಾದ ಮೇಲೆ, ಸ್ಥಳೀಯ ಅಂದರೆ ಏನು ಅಂತ ಚರ್ಚಿಸಲು ಸಭೆ ಕರೆದರು. ಹೌದು, ಆಮೇಲೆ. ಪ್ರಪಂಚದಲ್ಲಿ ಇದಕ್ಕೆ ಗೆರೆ ಎಳೆದವರು ಇಲ್ಲದೇ ಇಲ್ಲ. ಬ್ರಿಟನ್ನಿನ ಸಸ್ಯತಜ್ಞರು 1500ನೇ ಇಸವಿಗಿಂತ ಮುಂಚೆ ಮನುಷ್ಯರ ಜೊತೆ ಬಂದು ನೆಲೆಸಿದ ಗಿಡಗಳಿಗೆ ಆರ್ಕಿಯೋಫೈಟ್ ಎಂಬ ಬೇರೆಯದೇ ಹೆಸರಿಟ್ಟು ಪ್ರತ್ಯೇಕ ಪಟ್ಟಿಯಲ್ಲಿ ಇಡುತ್ತಾರೆ. ಐದು ಶತಮಾನ ಕಳೆದರೂ ಅವಕ್ಕೆ ಮೂಲನಿವಾಸಿಯ ಪಟ್ಟ ಇಲ್ಲ. ನಮ್ಮ ಸಮಿತಿಯ ಗೆರೆ ಇನ್ನೂ ಸುಲಭ. ಅತಿ ಹಿರಿಯ ಸದಸ್ಯರು ಚಿಕ್ಕಂದಿನಲ್ಲಿ ನೋಡಿದ್ದರೆ ಅದು ಸ್ಥಳೀಯ. ಹೀಗೆ ಮಡಗಾಸ್ಕರಿನ ಗುಲ್‌ಮೊಹರ್ ಪಾಸಾಯಿತು. ಅಮೆರಿಕದ ಮುಟ್ಟಿದರೆ ಮುನಿ ಪಾಸಾಯಿತು. ಹಿರಿಯರ ನೆನಪು ಇನ್ನೊಂಚೂರು ಚೆನ್ನಾಗಿದ್ದಿದ್ದರೆ ಕರೆಂಟು ಕಂಬವೂ ಪಾಸಾಗುತ್ತಿತ್ತು.

ಅನುಮಾನ ಬಂದ ಕಡೆ ವೈಜ್ಞಾನಿಕ ಹೆಸರು ನೋಡಿದರು. ಕ್ಯಾನಾ ಇಂಡಿಕಾ. "ಹೆಸರಲ್ಲೇ ಇಂಡಿಕಾ ಇದೆ. ಇನ್ನೇನು ಬೇಕು?" ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಆ ಹೆಸರಿಟ್ಟಾಗ ಯುರೋಪಿನವರಿಗೆ ಅಮೆರಿಕದ ದ್ವೀಪಗಳೂ ಇಂಡೀಸೇ. ಆ ಗಿಡದ ತವರು ಅಮೆರಿಕ. ಅದೇ ವರ್ಷ ಅದೇ ಲಿನೇಯಸ್ ಉತ್ತರ ಅಮೆರಿಕದ ಒಂದು ಹಾಲುಗಿಡಕ್ಕೆ, ನಮ್ಮ ಎಕ್ಕದ ನೆಂಟನಿಗೆ, ಸಿರಿಯಾ ದೇಶದ್ದು ಅಂತ 'ಸಿರಿಯಾಕಾ' ಎಂದು ನಾಮಕರಣ ಮಾಡಿದ. ಶಾಂಪೂ ಬಾಟಲಿಯ ಮೇಲೆ ಕಾಣುವ ಜೊಜೊಬಾದ ಕಥೆ ಇನ್ನೂ ಮಜವಾಗಿದೆ. ಹುಟ್ಟಿದ್ದು ಅಮೆರಿಕ ಮತ್ತು ಮೆಕ್ಸಿಕೋದ ಮರುಭೂಮಿಯಲ್ಲಿ. ಒಣಗಿಸಿಟ್ಟ ಮಾದರಿಯ ಚೀಟಿಯಲ್ಲಿ ಕ್ಯಾಲಿಫೋರ್ನಿಯಾ ಎಂಬುದನ್ನು ಚುಟುಕಾಗಿ ಬರೆದಿದ್ದರು. ಓದಿದವರು ಅದನ್ನು ಚೀನಾ ಅಂತ ಓದಿಕೊಂಡರು. 'ಚೈನೆನ್ಸಿಸ್' ಆಯಿತು. ಮುಂದೆ ಒಬ್ಬರು 'ಕ್ಯಾಲಿಫೋರ್ನಿಕಾ' ಎಂಬ ಸರಿಯಾದ ಹೆಸರು ಕೊಟ್ಟರೂ ನಿಲ್ಲಲಿಲ್ಲ. ಮೊದಲು ಇಟ್ಟ ಹೆಸರಿಗೇ ಆದ್ಯತೆ ಎಂಬುದು ಸಸ್ಯಶಾಸ್ತ್ರದ ನಿಯಮ. ದಾಖಲೆಯಲ್ಲಿ ಒಂದು ಅಕ್ಷರ ತಿದ್ದಿಸಲು ಕಚೇರಿ ಅಲೆದವರಿಗೆ ಈ ನಿಯಮ ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. "ತುಂಬಾ ಓದ್ಕೊಂಡಿದೀರಿ ಸಾರ್" ಅಂದರು. ನಮ್ಮಲ್ಲಿ ಅದರರ್ಥ ಕೂತ್ಕೊಳ್ಳಿ ಅಂತ.

ಕಾರ್ಯದರ್ಶಿಗಳ ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಇತ್ತು. ಎರಡೇ ಎಲೆಯ ಒಂದು ಮೊಳಕೆಯ ಫೋಟೋವನ್ನು ಮೂರು ಸಲ ಹೊಡೆದರು. ಮೂರು ಹೆಸರು ಬಂದವು. ಗಿಡದ ಗುರುತು ಗಟ್ಟಿಯಾಗಿ ಹೇಳಬೇಕೆಂದರೆ ಹೂವೋ ಕಾಯೋ ಬೇಕು. ಎಲೆಗಳು ಎದುರುಬದುರು ಇವೆಯೋ ಒಂದಾದ ಮೇಲೊಂದು ಇವೆಯೋ ನೋಡಬೇಕು. ಮುರಿದರೆ ಹಾಲು ಬರುತ್ತಾ, ಉಜ್ಜಿದರೆ ಯಾವ ವಾಸನೆ ಅಂತ ನೋಡಬೇಕು. ಫೋನಿಗೆ ಮೂಗಿಲ್ಲ. ಆದರೆ ಸಭೆಗೆ ಕೈಗಳಿದ್ದವು. ಕೈ ಎತ್ತಿಸಿ, ಏಳಕ್ಕೆ ನಾಲ್ಕು ಮತಗಳಿಂದ ಮೊಳಕೆಯ ಜಾತಿ ನಿರ್ಧಾರವಾಯಿತು.

ಆಮೇಲೆ ವಿನ್ಯಾಸ. ಗಿಡದಿಂದ ಗಿಡಕ್ಕೆ ಅಳತೆ ಹಿಡಿದು ಸಾಲು. ಸಾಲಿನ ನಡುವೆ ಕಾಂಕ್ರೀಟು, ಉಳಿದ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಬಿಳಿ ಕಲ್ಲು. ಪ್ರಪಂಚದಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ. ಅವುಗಳಲ್ಲಿ ಹೆಚ್ಚಿನವು ಜೇನುತಟ್ಟಿ ಕಟ್ಟುವುದಿಲ್ಲ, ಒಂಟಿಯಾಗಿ ಮಣ್ಣಿನಲ್ಲಿ ತೂತು ಕೊರೆದು ಮೊಟ್ಟೆ ಇಡುತ್ತವೆ. ಬರಿ ಮಣ್ಣು ಇದ್ದರೆ ಸಾಕು. ಸಮಿತಿ ಮಣ್ಣನ್ನೆಲ್ಲ ಮುಚ್ಚಿ, ಮೇಲೆ ಒಂದು ಕಂಬ ನೆಟ್ಟು, ಅದಕ್ಕೆ ಬಣ್ಣದ ಪೆಟ್ಟಿಗೆ ತೂಗುಹಾಕಿ 'ಜೇನು ವಸತಿಗೃಹ' ಎಂದು ಬರೆಸಿತು. ನಿರಾಶ್ರಿತರನ್ನು ಮಾಡಿದವರೇ ಛತ್ರ ಕಟ್ಟಿಸಿದ ಹಾಗೆ.

ಲಾರಿ ಬಂದ ದಿನ ನಾನೂ ಹೋಗಿದ್ದೆ. 'ಚಿಟ್ಟೆ ವಿಭಾಗ'ಕ್ಕೆ ಎಂದು ಕುಂಡಗಳಲ್ಲಿ ಗಿಡ ಇಳಿಸುತ್ತಿದ್ದರು. ಕತ್ತಿಗೆ ಚೀಟಿ ಕಟ್ಟಿದ್ದ ಗಿಡ ಎಲ್ಲೋ ನೋಡಿದ ಹಾಗಿತ್ತು. ದಪ್ಪ ಎಲೆ, ಬೂದು ಹಸಿರು, ಹಿಟ್ಟು ಬಳಿದಂತೆ ಬಿಳಿ ಪುಡಿ. ಚೀಟಿ ಓದಿದೆ. ಎಕ್ಕ.

ಮಾಲಿ ನನ್ನ ಮುಖ ನೋಡಿದ. "ಏನೂ ಹೇಳ್ಬೇಡಿ ಬುದ್ಧಿ. ಹೋದ ತಿಂಗಳು ಇದನ್ನೇ ಕಿತ್ತು ಕೈಯೆಲ್ಲ ಹಾಲು ಮಾಡ್ಕೊಂಡಿದ್ದೆ" ಅಂದ.

ಆದರೂ ನನಗೆ ಖುಷಿಯಾಯಿತು. ಕೆಲವೇ ವಾರದಲ್ಲಿ ಎಲೆಯ ಮೇಲೆ ಹುಳು ಕಾಣಿಸಿದವು. ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಕ್ಕದ ಹಾಲು ಅಂಟು, ವಿಷ. ಈ ಹುಳು ನೇರವಾಗಿ ಬಾಯಿ ಹಾಕುವುದಿಲ್ಲ. ಮೊದಲು ಎಲೆಯ ದಪ್ಪ ನರವನ್ನು ಕಚ್ಚುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ. ಆಮೇಲೆ ಆಚೆ ಬದಿಯ ಎಲೆಯನ್ನು ನಿಧಾನಕ್ಕೆ ತಿನ್ನುತ್ತದೆ. ಮೇನ್ ವಾಲ್ವ್ ಬಂದ್ ಮಾಡಿ ಕೆಲಸ ಶುರು ಮಾಡುವ ಪ್ಲಂಬರ್ ಥರ. ಗಿಡದ ವಿಷವನ್ನೇ ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ತಪ್ಪಿಸಿಕೊಳ್ಳುವ ವಿದ್ಯೆ ಅದಕ್ಕೆ ಗೊತ್ತು. ದೂರು ಪುಸ್ತಕದಿಂದ ತಪ್ಪಿಸಿಕೊಳ್ಳುವ ವಿದ್ಯೆ ಗೊತ್ತಿರಲಿಲ್ಲ.

ದೂರು ಹೀಗಿತ್ತು: 'ಚಿಟ್ಟೆ ವಿಭಾಗದ ಗಿಡಗಳನ್ನು ಹುಳ ತಿನ್ನುತ್ತಿವೆ. ಎಲೆಗಳಲ್ಲಿ ತೂತು. ಉದ್ಘಾಟನೆ ಹತ್ತಿರ ಬಂದಿದೆ.'

ಮರುದಿನ ಔಷಧಿ ಹೊಡೆದರು. ಔಷಧಿ ಅನ್ನುವುದು ನಮ್ಮ ಮಾತಿನ ಇನ್ನೊಂದು ಚಮತ್ಕಾರ, ಇರಲಿ. ಹುಳು ಚಿಟ್ಟೆಯಾಗುತ್ತೆ, ಹುಳು ಸತ್ತರೆ ಚಿಟ್ಟೆ ಎಲ್ಲಿಂದ ಬರಬೇಕು ಎಂದೆ. ಅಧ್ಯಕ್ಷರು ಯೋಚಿಸಿ ಹೇಳಿದರು: "ಚಿಟ್ಟೆ ಬರಲಿ ಸಾರ್, ಬೇಡ ಅಂದವರು ಯಾರು? ನೇರವಾಗಿ ಚಿಟ್ಟೆಯಾಗೇ ಬರಲಿ."

ಹುಳು ಹೋದವು. ಎಲೆಯ ತೂತು ಹೋಗಲಿಲ್ಲ. ಉಳಿದ ಗಿಡಗಳೂ ಮೇಲಕ್ಕೆ ಏಳಲಿಲ್ಲ. ಇಂಥ ಗಿಡಗಳಲ್ಲಿ ಎಷ್ಟೋ ಮೊದಮೊದಲು ಬೇರು ಇಳಿಸುತ್ತವೆ, ಹೂವು ಆಮೇಲೆ. ಬೇರಿನ ಫೋಟೋ ತೆಗೆದು ಬಿಲ್ ಪಾಸು ಮಾಡಿಸಲು ಆಗುವುದಿಲ್ಲ ಅಲ್ವಾ?

ಉದ್ಘಾಟನೆಯ ದಿನ ಹೋದಾಗ ದಂಗಾದೆ. ವೇದಿಕೆಯ ಹಿಂದಿನ ಗೋಡೆಯಿಡೀ ಹಸಿರು. ಎಲೆಯೆಂದರೆ ಎಲೆ, ಒಂದರಲ್ಲೂ ಒಂದು ತೂತಿಲ್ಲ. ಕಾರ್ಯದರ್ಶಿಗಳು ಅತಿಥಿಗಳ ಎದುರೇ ಫೋನ್ ಹಿಡಿದರು. ಮೊಳಕೆ ನೋಡಿ ತಡವರಿಸಿದ್ದ ಆ್ಯಪ್ ಈಗ ಒಂದೇ ಏಟಿಗೆ ಹೆಸರು ಹೇಳಿತು. ಮನಿ ಪ್ಲಾಂಟ್.

ಅತಿಥಿಗಳು ತಿಳಿದವರು. "ಅದರ ಮೂಲ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ ಅಲ್ವಾ? ಇದು ಹೇಗೆ ಸ್ಥಳೀಯ?" ಎಂದು ಕೇಳಿಯೇಬಿಟ್ಟರು.

ಅಧ್ಯಕ್ಷರು ಮುಗುಳ್ನಕ್ಕು ಒಂದು ಎಲೆಯನ್ನು ಬೆರಳಿನಿಂದ ತಟ್ಟಿದರು. ಟಕ್ ಅಂತ ಸದ್ದು ಬಂತು.

"ಪ್ಲಾಸ್ಟಿಕ್ ಸಾರ್. ಫ್ಯಾಕ್ಟರಿ ಇಲ್ಲೇ ಪಕ್ಕದಲ್ಲಿದೆ."